ಆಗದೇ ಹೋದದ್ದನ್ನೂ ಬರೆದವರು

ಮೂತ್ರಪಿಂಡದ ಕಾಯಿಲೆಗಳ ಸಂಶೋಧನೆಯಲ್ಲಿ ಕಳೆದ ಕೆಲವು ದಶಕಗಳಿಂದ ದುಡಿದವರನ್ನು ನೆನೆಯಹೊರಟರೆ ಹೊಸ ಔಷಧಿಯ ಜಾಡು ಹಿಡಿದವರು, ಹೊಸ ಪರೀಕ್ಷೆಗಳನ್ನು ರೂಪಿಸಿದವರು, ದೊಡ್ಡ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದವರು ಸಹಜವಾಗಿಯೇ ಮೊದಲು ನೆನಪಿಗೆ ಬರುತ್ತಾರೆ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ, ವಿದ್ಯಾರ್ಥಿಗಳ ಬಾಯಲ್ಲಿ ‘ಇನ್ನೊಮ್ಮೆ ಮೇಡಂ’ ಎಂದೇ ಉಳಿದಿರುವ ನಮ್ಮ ಪ್ರಾಧ್ಯಾಪಕಿಯವರ ಹೆಸರು ಆ ಸಾಲಿನಲ್ಲಿ ಕೊಂಚ ಹಿಂದೆಯೇ ಬರುತ್ತದೆ. ಅವರು ಹೆಸರಾದದ್ದು ಬೇರೊಂದು ಕಾರಣಕ್ಕೆ. ಅನುದಾನ ಪಡೆದ ಪ್ರತಿಯೊಬ್ಬ ಸಂಶೋಧಕನೂ ವರ್ಷಕ್ಕೊಮ್ಮೆ ಮಂಡಳಿಗೆ ಒಪ್ಪಿಸಬೇಕಾದ, ಬರೆಯುವವರಿಗೂ ಓದುವವರಿಗೂ ಒಂದೇ ಸಮನೆ ಆಕಳಿಕೆ ತರಿಸುವ ಪ್ರಗತಿ ವರದಿಯನ್ನು ಅವರು ಪ್ರಯೋಗದ ಒಂದು ಅಂಗವೆಂದೇ ನಂಬಿದ್ದರು. ಹಾಗೆ ನಂಬಿದ್ದಕ್ಕೆ ತೆರಬೇಕಾದ ಬೆಲೆಯನ್ನೂ ತೆತ್ತರು.

ಈ ಅಭಿನಂದನಾ ಸಂಪುಟದ ಸಮಿತಿಯವರು ಒಪ್ಪಿಗೆ ಕೇಳಲು ಮನೆಗೆ ಹೋದಾಗ ಮೇಡಂ ಮೊದಲು ಬೇಡವೇ ಬೇಡವೆಂದರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಅವರಿಗಿಂತ ಮೊದಲೇ ನಿವೃತ್ತರಾಗಿರುವ ಅವರ ಯಜಮಾನರು, “ಬೇಡ ಅಂದ್ರೂ ಇವರು ಬರೀತಾರೆ. ಒಪ್ಕೊಂಡ್ರೆ ತಿದ್ದೋದಕ್ಕಾದ್ರೂ ಸಿಗುತ್ತೆ” ಎಂದ ಮೇಲೆ ಒಂದು ಷರತ್ತು ಹಾಕಿ ಒಪ್ಪಿದರು. ತಮ್ಮಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಬರೆಯಿರಿ, ನಷ್ಟವಾಗಿದ್ದರೆ ಅದನ್ನೂ ಬಿಡಬೇಡಿ ಎಂಬುದೇ ಆ ಷರತ್ತು. ಈ ಲೇಖನ ಅದಕ್ಕೆ ಒಳಪಟ್ಟಿದೆ. ಆದ್ದರಿಂದ ಅಭಿನಂದನೆಯ ಮಾತುಗಳ ನಡುವೆ ಒಂದಷ್ಟು ನೋವಿನ ಸಂಗತಿಗಳು ಎದುರಾದರೆ ಓದುಗರು ಮನ್ನಿಸಬೇಕು.

ಮೇಡಂ ಸಂಸ್ಥೆಗೆ ಕಾಲಿಟ್ಟದ್ದು ಗುರುಗಳ ಕೈಕೆಳಗೆ. ಮೂರನೆಯ ಮಹಡಿಯ ಮೂಲೆಕೊಠಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟದ ಹೊತ್ತಿನ ಪರಿವೆಯೂ ಇರದಿದ್ದ ಹಿರಿಯ ವಿಜ್ಞಾನಿ ಅವರು. ಸಕ್ಕರೆ ಕಾಯಿಲೆಯಿಂದ ಹಾಳಾಗುವ ಮೂತ್ರಪಿಂಡ ಮೆಲ್ಲಮೆಲ್ಲಗೆ ಕಲೆಗಟ್ಟಿ, ಗಡುಸಾಗಿ, ಕೊನೆಗೊಂದು ದಿನ ಕೆಲಸ ನಿಲ್ಲಿಸುತ್ತದೆ. ಹಾಗೆ ಕಲೆಗಟ್ಟುವುದನ್ನು ತಡೆಯುವ ಸಂಯುಕ್ತವೊಂದನ್ನು ಗುರುಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡಿದ್ದರು. ಅದಕ್ಕೆ ಉದ್ದನೆಯ ರಾಸಾಯನಿಕ ಹೆಸರಿದ್ದರೂ ಸಂಸ್ಥೆಯ ತುಂಬ ಎಲ್ಲರೂ ಅದನ್ನು ‘ಸರ್ ಅವರ ಮದ್ದು’ ಎನ್ನುತ್ತಿದ್ದರು.

ಮಗು ಚಿಕ್ಕದೆಂದೂ ಅತ್ತೆಯವರಿಗೆ ಕಾಯಿಲೆಯೆಂದೂ ಮೇಡಂ ಕೆಲವು ವರ್ಷ ಓದು ಬಿಟ್ಟು ಮನೆಯಲ್ಲಿದ್ದವರು. ಮತ್ತೆ ಕೆಲಸ ಹುಡುಕಿಕೊಂಡು ಹೊರಟಾಗ ಹೋದಲ್ಲೆಲ್ಲ ನಡುವಿನ ಆ ವರ್ಷಗಳ ಮೇಲೆಯೇ ಬೆರಳಿಟ್ಟು ವಾಪಸು ಕಳಿಸಿದ್ದರು. ಗುರುಗಳು ಮಾತ್ರ ಏನೂ ಕೇಳದೆ ಒಂದು ಸ್ಲೈಡನ್ನು, ಅಂದರೆ ತೆಳುವಾಗಿ ಕೊಯ್ದ ಮೂತ್ರಪಿಂಡದ ಚೂರು ಅಂಟಿಸಿದ ಗಾಜಿನ ಪಟ್ಟಿಯನ್ನು, ಸೂಕ್ಷ್ಮದರ್ಶಕದಡಿ ಇಟ್ಟು, ಕಂಡದ್ದನ್ನು ಹೇಳೆಂದರು. ಮೇಡಂ ಬಹಳ ಹೊತ್ತು ನೋಡಿ ಹೇಳಿದರು. “ನಿನ್ನ ಕಣ್ಣು ಏನನ್ನೂ ಮರೆತಿಲ್ಲ. ನಾಳೆಯಿಂದ ಬಾ” ಎಂದುಬಿಟ್ಟರು ಗುರುಗಳು. ಆ ಒಂದು ಮಾತಿನ ಋಣವನ್ನು ಮೇಡಂ ಎಂದೂ ಮರೆತವರಲ್ಲ. ಮುಂದೆ ನಡೆದದ್ದು ಅವರಿಗೆ ಅಷ್ಟು ಭಾರವಾದದ್ದೂ ಅದರಿಂದಲೇ.

ಗುರುಗಳು ನಿವೃತ್ತರಾಗುವಾಗ ಕೊಠಡಿಯನ್ನೂ, ಮದ್ದಿನ ಕೆಲಸವನ್ನೂ, ಅದಕ್ಕಿದ್ದ ಅನುದಾನವನ್ನೂ ಮೇಡಂ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹೋದರು. ಅವರ ಬಳಿಯೇ ಕೆಲಸ ಕಲಿತಿದ್ದ ಹಿರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬ ಮೇಡಂ ಜೊತೆ ಮುಂದುವರಿದ. ಪಕ್ಕದ ಪ್ರಯೋಗಾಲಯದ ಹುಡುಗಿಯನ್ನು ಪ್ರೀತಿಸಿ ಮದುವೆಯಾದಂದಿನಿಂದ ಎರಡೂ ಪ್ರಯೋಗಾಲಯದವರಿಗೆ ಆತ ‘ಭಾವ’ನಾಗಿದ್ದ. ಹೊಸಬರಿಗೆ ಕೆಲಸ ಹೇಳಿಕೊಡುವುದು, ಕೆಟ್ಟ ಯಂತ್ರಕ್ಕೆ ಕೈ ಹಾಕುವುದು, ಅಳುವವರನ್ನು ನಗಿಸುವುದು ಎಲ್ಲವೂ ಭಾವನ ಪಾಲಿಗೆ. ಮೇಡಂಗೆ ‘ಇನ್ನೊಮ್ಮೆ’ ಎಂಬ ಅಡ್ಡಹೆಸರು ಕಟ್ಟಿದವನೂ ಆತನೇ. ಯಾರು ಎಂಥ ಒಳ್ಳೆಯ ಫಲಿತಾಂಶ ತಂದರೂ ಮುಖವರಳಿಸಿ ಕೇಳಿ, ಬೆನ್ನು ತಟ್ಟಿ, ಕೊನೆಗೆ “ಇನ್ನೊಮ್ಮೆ ಮಾಡಿ ನೋಡೋಣ” ಎನ್ನದೆ ಅವರು ಬಿಡುತ್ತಿರಲಿಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೆಂದರೂ ಇನ್ನೊಮ್ಮೆ ನೋಡಿ ಬನ್ನಿ ಎನ್ನುತ್ತಾಳೆಂದು ಯಜಮಾನರು ದೂರುತ್ತಿದ್ದರು.

ಆ ದಿನಗಳಲ್ಲಿ ಅನುದಾನ ಮಂಡಳಿಯವರು ಪ್ರಗತಿ ವರದಿಗೆ ಹೊಸದೊಂದು ಪ್ರಶ್ನೆ ಸೇರಿಸಿದರು. ಪ್ರಯೋಗಗಳಲ್ಲಿ ವೈಜ್ಞಾನಿಕ ಬಿಗಿಯನ್ನೂ ಪಾರದರ್ಶಕತೆಯನ್ನೂ ಕಾಪಾಡಲು ಈ ವರ್ಷ ಏನು ಮಾಡಿದಿರಿ, ವಿವರಿಸಿ ಎಂಬುದು ಪ್ರಶ್ನೆ. ಬಹುಪಾಲು ಜನ ‘ಮೂಲ ಅರ್ಜಿಯಲ್ಲಿ ತಿಳಿಸಿರುವಂತೆ’ ಎಂದು ಬರೆದು ಮುಂದಿನ ಪುಟಕ್ಕೆ ಹೋದರು. ಮರುವರ್ಷ ಅದೇ ಸಾಲನ್ನು ನಕಲು ಮಾಡಿದರು. ಮೇಡಂ ಮಾತ್ರ ಆ ಪ್ರಶ್ನೆಯನ್ನು ತಮಗೇ ಕೇಳಿದ ಪ್ರಶ್ನೆಯೆಂದು ಹಿಡಿದುಕೊಂಡು ಕೂತರು. ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ನೀರು ಎಂದು ಆರಿಸಿದವರು ಯಾರು? ಗಂಡಿಲಿಗಳನ್ನಷ್ಟೇ ಏಕೆ ತೆಗೆದುಕೊಂಡರು? ಸ್ಲೈಡು ನೋಡಿ ಕಲೆ ಎಷ್ಟಿದೆಯೆಂದು ಅಂಕ ಕೊಡುವವರಿಗೆ ಅದು ಮದ್ದು ಕುಡಿದ ಇಲಿಯದೋ ಅಲ್ಲವೋ ಎಂಬುದು ಮೊದಲೇ ಗೊತ್ತಿರುತ್ತಿತ್ತೇ?

ಗೊತ್ತಿರುತ್ತಿತ್ತು. ಗುರುಗಳ ಕಾಲದಿಂದಲೂ ಸ್ಲೈಡಿನ ಅಂಚಿನಲ್ಲೇ ಗುಂಪಿನ ಹೆಸರು ಬರೆದಿರುವ ರೂಢಿ. ಅದರಲ್ಲಿ ತಪ್ಪೇನಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ, ಮೇಡಂಗೂ ಅನ್ನಿಸಿರಲಿಲ್ಲ.

ಅವರು ಪ್ರಯೋಗವನ್ನು ಬುಡದಿಂದ ಮತ್ತೆ ಕಟ್ಟಿದರು. ಚೀಟಿ ಎತ್ತಿದ ಹಾಗೆ ಇಲಿಗಳ ಹಂಚಿಕೆಯಾಯಿತು, ಹೆಣ್ಣಿಲಿಗಳೂ ಸೇರಿದವು, ಸ್ಲೈಡುಗಳ ಅಂಚಿಗೆ ಕಪ್ಪು ಕಾಗದ ಅಂಟಿಸಿ ಸಂಕೇತ ಸಂಖ್ಯೆ ಬರೆಯಲಾಯಿತು. ಯಾವ ಸಂಖ್ಯೆ ಯಾವ ಗುಂಪು ಎಂಬುದು ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರ ಬಳಿ ಉಳಿಯಿತು. ಭಾವ ಉತ್ಸಾಹದಿಂದಲೇ ಅಂಕ ಕೊಟ್ಟ. ಮದ್ದಿನ ಮೇಲೆ ಅವನಿಗಿದ್ದ ನಂಬಿಕೆ ಅಂಥದು. ಮಧ್ಯಾಹ್ನವೊಂದರಲ್ಲಿ ಆ ಸಹೋದ್ಯೋಗಿ ಬಂದು ಸಂಖ್ಯೆಗಳ ಗುಟ್ಟು ಬಿಚ್ಚಿ, ಇಬ್ಬರ ಮುಂದೆಯೇ ಲೆಕ್ಕ ಹಾಕಿದರು. ಮದ್ದು ಕುಡಿದ ಇಲಿಗೂ ನೀರು ಕುಡಿದ ಇಲಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಭಾವ ಸಣ್ಣ ದನಿಯಲ್ಲಿ, “ಇನ್ನೊಮ್ಮೆ, ಅಲ್ವಾ ಮೇಡಂ?” ಎಂದ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆ ಮಾತು ತಮಾಷೆಯಾಗಿ ಕೇಳಲಿಲ್ಲ. ಇನ್ನೊಮ್ಮೆ ಮಾಡಿದರು. ಫಲಿತಾಂಶ ಬದಲಾಗಲಿಲ್ಲ.

ಯಾರಾದರೂ ಸುಳ್ಳು ಅಂಕ ಕೊಟ್ಟಿದ್ದರೆ ಮೇಡಂ ಸಿಟ್ಟಾಗಬಹುದಿತ್ತು. ಸಿಟ್ಟು ಎಷ್ಟೋ ಆಸರೆ ಕೊಡುತ್ತದೆ. ಇಲ್ಲಿ ಸುಳ್ಳು ಹೇಳಿದವರೇ ಇರಲಿಲ್ಲ. ಪ್ರಾಮಾಣಿಕರು ತಾವು ಬಯಸಿದ್ದನ್ನು ಗಾಜಿನ ಮೇಲೆ ಕಂಡಿದ್ದರು, ಕಂಡದ್ದನ್ನು ಹಾಗೆಯೇ ಬರೆದಿದ್ದರು. ಅದನ್ನು ನಂಬಿ ಬೇರೊಂದು ನಗರದ ಆಸ್ಪತ್ರೆಯವರು ಆ ಮದ್ದನ್ನು ರೋಗಿಗಳಿಗೆ ಕೊಟ್ಟು ನೋಡುವ ಸಿದ್ಧತೆಯಲ್ಲಿದ್ದರು.

ಪ್ರಗತಿ ವರದಿ ಕೊಡುವ ದಿನ ಹತ್ತಿರ ಬಂತು. ಸಂಸ್ಥೆಯ ನಿರ್ದೇಶಕರು ಮೇಡಂ ಅವರನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಬಹಳ ಮರ್ಯಾದೆಯಿಂದ ಮಾತಾಡಿದರು. ಅನುದಾನ ನಿಂತರೆ ಇಲಿಗಳ ಮನೆ ಮುಚ್ಚಬೇಕಾಗುತ್ತದೆ, ಅದನ್ನೇ ನಂಬಿರುವ ಉಳಿದ ಕೊಠಡಿಗಳಿಗೂ ಪೆಟ್ಟು ಬೀಳುತ್ತದೆ ಎಂದು ವಿವರಿಸಿದರು. “ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ. ‘ಪರಿಶೀಲನೆಯಲ್ಲಿದೆ’ ಅಂತ ಬರೀರಿ. ಅದೂ ನಿಜಾನೇ ತಾನೆ?” ಎಂದರು. ಮೇಡಂ ಆ ಮಾತನ್ನು ಮನೆಗೆ ಒಯ್ದು ತಿರುಗಿಸಿ ಮುರುಗಿಸಿ ನೋಡಿದರು. ಅದು ನಿಜವೇ ಆಗಿತ್ತು. ಆದರೆ ಓದಿದವರಿಗೆ ನಿಜ ತಿಳಿಯದಿರಲೆಂದೇ ಆರಿಸಿದ ನಿಜ. ಆಸ್ಪತ್ರೆಯವರು ಆ ಪದ ಓದಿ ಸಮಾಧಾನದಿಂದ ಮದ್ದು ಅಳೆಯಲು ಶುರುಮಾಡುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಭಾವ ಗೋಗರೆಯಲಿಲ್ಲ. ಹೆಂಡತಿ ತುಂಬು ಗರ್ಭಿಣಿ, ಪ್ರಬಂಧ ಮುಕ್ಕಾಲು ಮುಗಿದಿತ್ತು, ಅದರ ಪ್ರತಿ ಅಧ್ಯಾಯವೂ ಮದ್ದನ್ನೇ ಕುರಿತದ್ದು. ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು, “ನನ್ನ ಪ್ರಬಂಧ ಮುಗಿಯೋವರೆಗೆ ತಡೆಯೋಕಾಗುತ್ತಾ ಮೇಡಂ?” ಎಂದು ಒಮ್ಮೆ ಕೇಳಿದ. ಮೇಡಂ ಮರುದಿನ ಬೆಳಿಗ್ಗೆ ಅವನಿಗಿಂತ ಮೊದಲೇ ಬಂದು ಕಾದಿದ್ದು, ಆಗುವುದಿಲ್ಲವೆಂದೂ, ಯಾಕೆ ಆಗುವುದಿಲ್ಲವೆಂದೂ, ತಪ್ಪಿನ ಹೊರೆ ಅವನ ಮೇಲೆ ಬೀಳದಂತೆ ಬರೆಯುವುದಾಗಿಯೂ ಹೇಳಿದರು. ಆತ ತಲೆಯಾಡಿಸಿ ಇಲಿಗಳಿಗೆ ನೀರು ಬದಲಿಸಲು ಹೋದ.

ಗುರುಗಳಿಗೆ ವರದಿಯಿಂದ ತಿಳಿಯಬಾರದು, ತಮ್ಮ ಬಾಯಿಂದಲೇ ತಿಳಿಯಬೇಕು ಎಂದು ಮೇಡಂ ಅವರ ಮನೆಗೆ ಹೋದರು. ಗುರುಗಳು ಪೂರ್ತಿ ಕೇಳಿಸಿಕೊಂಡರು.

“ನನ್ನ ಕಣ್ಣನ್ನೇ ಅನುಮಾನಿಸ್ತೀಯಾ?”

“ನನ್ನ ಕಣ್ಣನ್ನೂ ಅನುಮಾನಿಸ್ತಿದ್ದೀನಿ ಸರ್.”

ಗುರುಗಳು ಎದ್ದು ಒಳಗೆ ಹೋದರು. ಅವರ ಹೆಂಡತಿ ಗೇಟಿನವರೆಗೂ ಬಂದು, ಮೇಡಂ ಭುಜದ ಮೇಲೆ ಕೈಯಿಟ್ಟು, ಸ್ವಲ್ಪ ದಿನ ಬಿಟ್ಟು ಬಾಮ್ಮ ಎಂದು ಕಳಿಸಿಕೊಟ್ಟರು.

ಆ ವರ್ಷದ ವರದಿಯನ್ನು ಇಂದಿಗೂ ಯಾರು ಬೇಕಾದರೂ ಓದಬಹುದು. ಹಿಂದೆ ಹೇಗೆ ಮಾಡುತ್ತಿದ್ದೆವು, ಈಗ ಏನನ್ನು ಬದಲಿಸಿದೆವು, ಯಾವ ಇಲಿಗಳು ನಡುವೆಯೇ ಸತ್ತವು, ಸತ್ತವುಗಳನ್ನು ಲೆಕ್ಕಕ್ಕೆ ಸೇರಿಸಿದರೆ ಏನು ಬಿಟ್ಟರೆ ಏನು, ಎಲ್ಲವೂ ಅದರಲ್ಲಿದೆ. ನಮ್ಮ ಹಿಂದಿನ ತೀರ್ಮಾನ ನಿಲ್ಲುವುದಿಲ್ಲ ಎಂದು ಯಾವ ತೆರೆಯೂ ಇಲ್ಲದೆ ಬರೆದಿದ್ದಾರೆ. ದೋಷ ಕೊಠಡಿಯ ರೂಢಿಯದು, ಯಾವೊಬ್ಬ ವ್ಯಕ್ತಿಯದೂ ಅಲ್ಲ, ರೂಢಿಯನ್ನು ಮುಂದುವರಿಸಿದ ಹೊಣೆ ನನ್ನದು ಎಂದು ಸಹಿ ಹಾಕಿದ್ದಾರೆ. ಆಸ್ಪತ್ರೆಯ ವೈದ್ಯರಿಗೂ ತಾವೇ ಒಂದು ಪ್ರತಿ ಕಳಿಸಿದರು.

ಮಂಡಳಿಯವರು ವರದಿಯ ಪ್ರಾಮಾಣಿಕತೆಯನ್ನು ಮೆಚ್ಚಿದರು. ಮೆಚ್ಚಿ ಅನುದಾನ ನಿಲ್ಲಿಸಿದರು. ಇಲಿಗಳ ಮನೆ ಮುಚ್ಚಿತು. ತೊಳೆದ ಪಂಜರಗಳು ಓಣಿಯಲ್ಲಿ ಒಂದರ ಮೇಲೊಂದು ಕೂತವು. ಮೂಲೆಕೊಠಡಿಗೆ ನಡುವೆ ಹಲಗೆ ಹೊಡೆದು ಅರ್ಧವನ್ನು ಬೇರೆಯವರಿಗೆ ಕೊಟ್ಟರು. ಊಟದ ಮೇಜಿನಲ್ಲಿ ಮೇಡಂ ಬಂದು ಕೂತರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಕೆಲಸ ಕಳೆದುಕೊಂಡವರು ಅವರನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮೇಡಂ ಯಜಮಾನರ ಬಳಿ ಹೇಳಿಕೊಂಡದ್ದುಂಟು.

ಕೆಲವು ತಿಂಗಳಾದ ಮೇಲೆ ಆ ಆಸ್ಪತ್ರೆಯ ವೈದ್ಯರು ಫೋನ್ ಮಾಡಿದರು. ವರದಿ ಓದಿ ತಾವೂ ಪರೀಕ್ಷಿಸಿ ನೋಡಿದರಂತೆ, ರೋಗಿಗಳ ಮೇಲಿನ ಪ್ರಯೋಗವನ್ನು ಕೈಬಿಟ್ಟರಂತೆ. ಮದ್ದಿನಿಂದ ಯಕೃತ್ತಿಗೆ ಪೆಟ್ಟಾಗುವ ಸೂಚನೆಯೂ ಸಿಕ್ಕಿತ್ತಂತೆ. ಸಂತೋಷಪಡಬೇಕಾದ ಸುದ್ದಿ ಎಂದರು ಯಜಮಾನರು. ಹೌದು ಎಂದರು ಮೇಡಂ. ಉಳಿದುಕೊಂಡವರಿಗೆ ತಾವು ಯಾವುದರಿಂದ ಉಳಿದೆವೆಂದು ತಿಳಿಯುವುದೇ ಇಲ್ಲ. ಕಳೆದುಕೊಂಡವರ ಮುಖಗಳು ಮಾತ್ರ ದಿನಾ ಕಣ್ಣಮುಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಭಾವನಿಗೊಂದು ಕೆಲಸ ಕೊಡಿಸಲು ಮೇಡಂ ಹತ್ತದ ಮೆಟ್ಟಿಲಿಲ್ಲ. ಸುದ್ದಿ ಮೊದಲೇ ಮುಟ್ಟಿದ್ದರಿಂದ ಎಲ್ಲರೂ ನೋಡೋಣ ಎನ್ನುವವರೇ. ಅವನ ಪ್ರಬಂಧವನ್ನು, ಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದರಿಂದ ಅದು ಕೆಲಸ ಮಾಡುತ್ತದೆಂದು ನಮಗೆ ಹೇಗೆ ಅನ್ನಿಸಿತು ಎಂಬುದರ ಕಡೆಗೆ ತಿರುಗಿಸಿ, ಅಧ್ಯಾಯ ಅಧ್ಯಾಯವನ್ನೂ ಜೊತೆಗೆ ಕೂತು ಮತ್ತೆ ಬರೆಸಿದರು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರೊಬ್ಬರು, ಏನೂ ಸಿಗಲಿಲ್ಲ ಅನ್ನೋದಕ್ಕೂ ಪದವಿ ಕೊಡಬೇಕೇ ಎಂದು ನಕ್ಕಾಗ, ಮಾರ್ಗದರ್ಶಕರು ಬಾಯಿ ಹಾಕಬಾರದೆಂಬ ಸಂಪ್ರದಾಯ ಮರೆತು ಮೇಡಂ ಎದ್ದು ನಿಂತರು. “ಇಲ್ಲದ್ದನ್ನ ಇದೆ ಅಂತ ಬರೆದವರಿಗೆ ಕೊಟ್ಟಿದ್ದೀವಲ್ಲ ಸರ್, ನನ್ನನ್ನೂ ಸೇರಿಸಿ” ಎಂದರು. ಪದವಿ ಬಂತು. ಕೆಲಸ ಬರಲಿಲ್ಲ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾಯುವುದಾದರೂ ಎಷ್ಟು ದಿನ? ಭಾವ ಔಷಧಿ ಕಂಪನಿಯೊಂದರ ಪ್ರತಿನಿಧಿಯಾಗಿ ಚರ್ಮದ ಚೀಲ ಹಿಡಿದು ವೈದ್ಯರ ಬಾಗಿಲು ತಿರುಗತೊಡಗಿದ.

ಬಹಳ ವರ್ಷಗಳ ಮೇಲೆ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು. ಆತ ಚೀಲ ಕೆಳಗಿಟ್ಟು ನಮಸ್ಕರಿಸಿದ, ಮಗಳ ಓದಿನ ವಿಷಯ ಹೇಳಿದ, ಮೇಡಂ ಕೂದಲು ಬೆಳ್ಳಗಾದದ್ದಕ್ಕೆ ಹಳೆಯ ಧಾಟಿಯಲ್ಲೇ ತಮಾಷೆ ಮಾಡಿದ. ಹೊರಡುವ ಮುಂಚೆ ಹೇಳಿದ: “ನೀವು ಮಾಡಿದ್ದು ಸರಿ ಅಂತ ನನಗೆ ಅವತ್ತೇ ಗೊತ್ತಿತ್ತು ಮೇಡಂ. ಆದ್ರೆ ಅದರಿಂದ ನನಗೇನೂ ಹಗುರ ಆಗಲಿಲ್ಲ.” ಮೇಡಂ ಅದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ಈ ಸಂಪುಟಕ್ಕೆ ನಾಲ್ಕು ಸಾಲು ಬರೆದುಕೊಡೆಂದು ಸಮಿತಿಯವರು ಕೇಳಿದಾಗ ಆತ ನಯವಾಗಿಯೇ ಬೇಡವೆಂದ.

ಗುರುಗಳ ಮನೆಗೆ ಹೋಗುವುದನ್ನು ಮಾತ್ರ ಮೇಡಂ ಬಿಡಲಿಲ್ಲ. ವಾರಕ್ಕೊಮ್ಮೆ ಹೋಗಿ, ಗುರುಗಳು ಪತ್ರಿಕೆಯ ಹಿಂದೆ ಮುಖ ಮರೆಸಿ ಕೂತಿರುವಾಗ, ಅವರ ಹೆಂಡತಿಯ ಜೊತೆ ಚಹಾ ಕುಡಿದು, ಔಷಧಿ ತರಿಸುವುದೋ ಬಲ್ಬು ಹಾಕಿಸುವುದೋ ಇದ್ದರೆ ಮಾಡಿಸಿಕೊಟ್ಟು ಬರುತ್ತಿದ್ದರು. ಹೀಗೆಯೇ ವರ್ಷಗಳು ಉರುಳಿದವು. ಗುರುಗಳು ಹಾಸಿಗೆ ಹಿಡಿಯುವ ಮೊದಲು, ಒಂದು ಸಂಜೆ, ಪತ್ರಿಕೆ ಮಡಿಸದೆಯೇ ಕೇಳಿದರು:

“ಆ ಸ್ಲೈಡುಗಳನ್ನ ಇಟ್ಟಿದ್ದೀಯಾ?”

“ಇಟ್ಟಿದ್ದೀನಿ ಸರ್.”

“ಒಂದ್ಸಲ ನೋಡ್ಬೇಕು. ಯಾವುದು ಯಾವುದು ಅಂತ ಹೇಳ್ಬೇಡ.”

ಮೇಡಂ ಸೂಕ್ಷ್ಮದರ್ಶಕವನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಅವರ ಊಟದ ಮೇಜಿನ ಮೇಲೆ ಇರಿಸಿದರು. ಗುರುಗಳು ಕನ್ನಡಕ ತೆಗೆದು, ಮಸೂರಕ್ಕೆ ಕಣ್ಣಿಟ್ಟು, ಒಂದೊಂದನ್ನೂ ಆತುರವಿಲ್ಲದೆ ನೋಡಿ, ಮದ್ದು ಕುಡಿದದ್ದು ಈ ಕಡೆ, ಕುಡಿಯದ್ದು ಆ ಕಡೆ ಎಂದು ಎರಡು ಗುಂಪು ಮಾಡಿದರು. ಕಪ್ಪು ಕಾಗದ ಕಿತ್ತು ನೋಡಿದಾಗ ಎರಡು ಗುಂಪಿನಲ್ಲೂ ಎರಡೂ ಬೆರೆತಿದ್ದವು. ಕಣ್ಣು ಮುಚ್ಚಿ ಹಂಚಿದ್ದರೂ ಹಾಗೆಯೇ ಆಗುತ್ತಿತ್ತು. ಗುರುಗಳು ಕೊನೆಯ ಸ್ಲೈಡನ್ನು ಮತ್ತೆ ಮಸೂರದಡಿಗೆ ಸರಿಸಿ ಬಹಳ ಹೊತ್ತು ನೋಡಿದರು.

“ನನಗೆ ಈಗಲೂ ವ್ಯತ್ಯಾಸ ಕಾಣ್ತಿದೆಯಲ್ಲ” ಎಂದರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ತಟ್ಟೆ ಹಿಡಿದು ನಿಂತೇ ಇದ್ದರು. “ಹಾಗಂತಲೂ ಬರಿ. ನನ್ನ ಹೆಸರೂ ಹಾಕು” ಎಂದು ಗುರುಗಳು ಕನ್ನಡಕ ಹಾಕಿಕೊಂಡರು.

ಹಿಂದಿನ ತೀರ್ಮಾನವನ್ನು ತಿದ್ದಿ ಮೇಡಂ ವಿಜ್ಞಾನ ಪತ್ರಿಕೆಗೆ ಬರೆದ ಲೇಖನದಲ್ಲಿ ಇಬ್ಬರ ಹೆಸರೂ ಇದೆ. ಅದು ಅಚ್ಚಾಗಿ ಬರುವಷ್ಟರಲ್ಲಿ ಗುರುಗಳು ಇರಲಿಲ್ಲ. ಮೇಡಂ ಅದರ ಒಂದು ಪ್ರತಿಯನ್ನು ಒಯ್ದು ಗುರುಪತ್ನಿಯ ಕೈಗಿತ್ತರು. ಅವರು ಗಂಡನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿ, ಏನು ಬರೆದಿದೆಯೆಂದು ಕೇಳದೆ ಕಪಾಟಿನಲ್ಲಿ ಎತ್ತಿಟ್ಟರು.

ಸೇವೆಯ ಕೊನೆಯ ವರ್ಷಗಳಲ್ಲಿ ಅನುದಾನ ಮಂಡಳಿಯವರು ಪ್ರಗತಿ ವರದಿಗಳನ್ನು ಪರಿಶೀಲಿಸುವ ಕೆಲಸವನ್ನು ಮೇಡಂಗೆ ವಹಿಸಿದರು. ಹಿಂದಿನ ವರ್ಷದ ಸಾಲನ್ನೇ ನಕಲು ಮಾಡಿದವರಿಗೆ ಅವರೇ ಫೋನ್ ಮಾಡುತ್ತಿದ್ದರು. ಆಗಲಿಲ್ಲ ಅಂತ ಬರೆದರೆ ಅನುದಾನ ಹೋಗುತ್ತಾ ಎಂದು ಕಿರಿಯರು ಅಳುಕುತ್ತ ಕೇಳಿದರೆ, ಹೋಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಹೋಗದಂತೆ ತಾವು ಮಾಡಬಹುದಾದದ್ದನ್ನೆಲ್ಲ ಮಾಡುತ್ತಿದ್ದರು. ತಮ್ಮ ಫಲಿತಾಂಶ ಮತ್ತೆ ದೊರೆಯಲಿಲ್ಲವೆಂದು ತಾವಾಗಿ ತಿಳಿಸುವವರಿಗೆ ಇನ್ನೊಂದು ವರ್ಷದ ನೆರವು ತಪ್ಪಬಾರದು, ಅವರ ವಿದ್ಯಾರ್ಥಿಗಳು ಬೀದಿಗೆ ಬೀಳಬಾರದು ಎಂದು ಸಭೆಯಿಂದ ಸಭೆಗೆ ಹಟ ಹಿಡಿದು ವಾದಿಸಿದರು. ಹೋದ ವರ್ಷ ಆ ನಿಯಮ ಜಾರಿಗೆ ಬಂತು. ಅಭಿನಂದಿಸಲು ಹೋದವರಿಗೆ ಅವರು ಕೊಟ್ಟ ಉತ್ತರ ಚಿಕ್ಕದು: “ತಡವಾಯ್ತು.”

ಈಗ ಮೇಡಂ ನಿವೃತ್ತರಾಗುತ್ತಿದ್ದಾರೆ. ಅವರು ಹುಡುಕಹೊರಟ ಮದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ. ಡಯಾಲಿಸಿಸ್ ಕೋಣೆಗಳ ಮುಂದಿನ ಬೆಂಚುಗಳು ತುಂಬಿಯೇ ಇವೆ. ಗ್ರಂಥಾಲಯದ ಮೂಲೆಯಲ್ಲಿ ಅವರಿಗೊಂದು ಮೇಜು ಕೊಡಲು ಸಂಸ್ಥೆ ಒಪ್ಪಿದೆ. ವಾರದಲ್ಲಿ ಕೆಲವು ದಿನ ಬಂದು ಕಿರಿಯರ ವರದಿಗಳನ್ನು ನೋಡಿಕೊಡಲು ಅವರೂ ಒಪ್ಪಿದ್ದಾರೆ. ಅವರಿಗೆ ಆಯುಸ್ಸು ಆರೋಗ್ಯಗಳು ದೊರೆಯಲಿ, ಕಣ್ಣಿನ ಬೆಳಕು ಕುಂದದಿರಲಿ, ಮನೆಯಲ್ಲಿ ಯಜಮಾನರ ತಮಾಷೆ ನಿಲ್ಲದಿರಲಿ ಎಂದು ಈ ಸಂಪುಟದ ಬಳಗ ಮನಸಾರೆ ಹಾರೈಸುತ್ತದೆ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ. ನಮ್ಮ ತಪ್ಪನ್ನು ನಮ್ಮ ಮುಖ ನೋಡಿ ಹೇಳಬಲ್ಲವರು, ಹೇಳಿದ ಮೇಲೂ ನಮ್ಮ ಮನೆಗೆ ಬಂದು ಕೂರುವವರು ಹೆಚ್ಚು ಮಂದಿ ಉಳಿದಿಲ್ಲ.